ಫಕ್ಕೀರವ್ವ ಗಂಡಿನ ಕಡೆಯವಳಾದದ್ದು

ರಾಣೆಬೆನ್ನೂರಿನ ದವಾಖಾನೆಗೆ ಫಕ್ಕೀರವ್ವ ಯಾವ ಸೀರೆ ಉಟ್ಟು ಹೋಗಬೇಕು ಎಂಬ ಗಹನವಾದ ಪ್ರಶ್ನೆ ಬ್ಯಾಡಗಿಯ ಗುತ್ತೆವ್ವನ ಮನೆಯಲ್ಲಿ ಎರಡು ಸಲ ಚಹಾ ಆದರೂ ಇತ್ಯರ್ಥವಾಗಲಿಲ್ಲ. ಸಾದಾ ಸೀರೆ ಸಾಕೆಂದು ಗುತ್ತೆವ್ವ. ಇಳಕಲ್ಲೇ ಆಗಬೇಕೆಂದು ಫಕ್ಕೀರವ್ವ.

"ಡಾಕ್ಟರು ಮನೆತನ ಕೇಳ್ತಾರಂತ ನೀನ ಹೇಳೀದಿ. ಮನೆತನ ಕೇಳವರ ಮುಂದ ಹಳೇ ಸೀರಿ ಉಡಾಕ ನನಗೇನ್ ತಲಿ ಕೆಟ್ಟೈತೇನ?"

ಇಳಕಲ್ ಗೆದ್ದಿತು.

ಫಕ್ಕೀರವ್ವ ಗುತ್ತೆವ್ವನ ತಂದೆಯ ತಂಗಿ. ಅಗಡಿಯ ತವರಿನ ಹಿರಿಯರಲ್ಲಿ ಉಳಿದವಳು ಅವಳೊಬ್ಬಳೇ. ಅಪ್ಪ ತೀರಿದಾಗ ಗುತ್ತೆವ್ವ ತೊಟ್ಟಿಲ ಕೂಸು. ಈಗ ಐವತ್ತು ದಾಟಿದ ಮೇಲೆ ಅವಳಿಗೆ ದೊಡ್ಡಕರುಳಿನ ಕ್ಯಾನ್ಸರ್ ಆಗಿ, ಆಪರೇಷನ್ನೂ ಮುಗಿದಿತ್ತು. ತನ್ನ ಚಿಂತೆ ಅವಳಿಗೆ ಅಷ್ಟಿರಲಿಲ್ಲ. ಮಗಳು ಸುಶ್ಮಿತಾಗೂ ಬಂದೀತೇ ಎಂಬ ಹುಳವೊಂದು ಮಾತ್ರ ತಲೆ ಕೊರೆಯುತ್ತಿತ್ತು.

"ಈ ಕ್ಯಾನ್ಸರ್ ಆದವರಿಗೆಲ್ಲಾ ಜೀನ್ ಪರೀಕ್ಷೆ ಬೇಕಾಗೂದಿಲ್ರಿ," ಎಂದರು ದವಾಖಾನೆಯಲ್ಲಿ ಡಾಕ್ಟರ್ ಸುಚಿತ್ರಾ. "ಆದ್ರ ಮನ್ಯಾಗ ಮತ್ತ ಯಾರಿಗರ ಕರುಳಿಂದು, ಗರ್ಭಚೀಲದ್ದು ಆಗಿತ್ತಂದ್ರ ಮಾತ ಬ್ಯಾರೆ. ರಕ್ತದಾಗ ಬಂದದ್ದು ಅಂತ ಗೊತ್ತಾದ್ರ ಸುಶ್ಮಿತಾನ್ನೂ ಪರೀಕ್ಷೆ ಮಾಡಬಹುದು. ಆಕಿಗೂ ಇದ್ರ, ಆಗಾಗ ಕ್ಯಾಮೆರಾ ಹಾಕಿ ನೋಡಿ, ಗಂಟು ಸಣ್ಣದಿದ್ದಾಗನ ತಗೀಬಹುದು. ಅಜ್ಜೀರ, ನಿಮ್ಮ ಮನೆತನದಾಗ ಯಾರಿಗರ ಆಗಿತ್ತೇನ್ರಿ?"

ಫಕ್ಕೀರವ್ವ ಸೆರಗು ಸರಿಮಾಡಿಕೊಂಡಳು. "ನಮ್ಮ ಮನೆತನದಾಗ? ಛೇ ಛೇ! ಒಬ್ಬರಿಗೆ ನೆಗಡಿ ಸುದ್ದಾ ಬಂದಿದ್ದಿಲ್ರಿ."

"ಇವರ ಅಪ್ಪಾರು ಹ್ಯಾಂಗ ತೀರಿಕೊಂಡ್ರು?"

"ಉಷ್ಣ ಆಗಿತ್ರಿ. ಮೆಣಸಿನಕಾಯಿ ಭಾಳ ತಿಂತಿದ್ದ."

"ಬ್ಯಾಡಗಿ ಮೆಣಸಿನಕಾಯಿ ಅಷ್ಟ ಖಾರ ಎಲ್ಲಿರ್ತಾವ್ರಿ?"

"ಅವು ಗುಂಟೂರಿನ್ವು ಇರಬೇಕ್ರಿ," ಎಂದಳು ಫಕ್ಕೀರವ್ವ, ಕಣ್ಣು ಮಿಟುಕಿಸದೆ.

ಗುತ್ತೆವ್ವನಿಗೆ ಆ ದನಿಯ ಗುರುತು ಹತ್ತಿತು. ಅಗಡಿಯ ಮನೆಯ ಹೆಣ್ಣು ನೋಡಲು ಬಂದವರ ಮುಂದೆ ಅತ್ತಿ ಇದೇ ದನಿ ತೆಗೆಯುತ್ತಿದ್ದಳು. ಗುತ್ತೆವ್ವನ ಲಗ್ನ ಕುದುರಿದ್ದೂ ಅದರಿಂದಲೇ. ಈಗ ಪಕ್ಕದಲ್ಲಿ ಲಗ್ನವಾಗದ ಸುಶ್ಮಿತಾ ಕುಳಿತಿದ್ದಾಳೆ. ಮುದುಕಿ ಬಾಯಿ ಬಿಡುವುದುಂಟೇ?

ಆದರೆ ಫಕ್ಕೀರವ್ವನಿಗೆ ಇನ್ನೊಂದು ಹೆಸರೂ ಇತ್ತು. ಗಂಡಿನ ಕಡೆಯಿಂದ ಹೋದಳೆಂದರೆ ಹೆಣ್ಣಿನವರ ಕುಂದನ್ನೆಲ್ಲ ಕೆದಕಿ ತರುವವಳು ಅವಳೇ. ಹೆಣ್ಣಿನ ಅಜ್ಜನಿಗೆ ದಮ್ಮಿನ ಕಾಯಿಲೆ ಇತ್ತೆಂದು ಹಾವೇರಿಯ ಸಂಬಂಧವೊಂದನ್ನು ಬಾಗಿಲಲ್ಲೇ ಮುರಿದು ಬಂದಿದ್ದಳು.

"ಅತ್ತಿ, ಒಂದ್ ಗಳಿಗಿ ನೀ ಗಂಡಿನ ಕಡ್ಯಾಕಿ ಅಂತ ತಿಳ್ಕೊ," ಎಂದಳು ಗುತ್ತೆವ್ವ. "ನಮ್ಮ ಅಗಡಿ ಮನಿ ಹೆಣ್ಣು ತರಾಕ ಹೊಂಟಾರ. ತರಬಹುದೇನು?"

ಫಕ್ಕೀರವ್ವನ ಕಣ್ಣು ಮಿನುಗಿದವು. "ಆ ಮನೀದ? ಹುಚ್ಚರದಾರೇನು—" ಎಂದವಳು ಸುಶ್ಮಿತಾಳನ್ನು ನೋಡಿ ತಡೆದಳು.

"ಹೇಳಬೇ ಅಜ್ಜಿ," ಎಂದಳು ಸುಶ್ಮಿತಾ. "ಮುಚ್ಚಿಟ್ಟು ಮಾಡ್ಕೊಂಡ ಗಂಡ ನನ್ನ ಕರುಳು ಕಾಯ್ತಾನೇನು?"

ಮುದುಕಿ ಅವಳ ಕೈ ಹಿಡಿದುಕೊಂಡಳು. ಆಮೇಲೆ ಶುರುವಾಯಿತು. "ಇವರಪ್ಪ, ನಮ್ಮಣ್ಣ, ನಲವತ್ತು ತುಂಬಿದ್ದಿಲ್ಲ. ಸಂಡಾಸಿನಾಗ ರಕ್ತ. ಹುಬ್ಬಳ್ಳಿಗೆ ಒಯ್ದ್ರ ಕರುಳಾಗ ಕ್ಯಾನ್ಸರ್ ಅಂದ್ರು. ನಮ್ಮಕ್ಕಗ ಗರ್ಭಚೀಲದಾಗ. ನಮ್ಮಪ್ಪನೂ ಹೊಟ್ಟಿ ಹಿಡ್ಕೊಂಡನ ಹೋದ. ಇಂಥಾ ಮನಿ ಹೆಣ್ಣು ತರ್ತಾರೇನ್ರಿ?" ಹಿಡಿದ ಕೈ ಬಿಡದೆ, "ನಮ್ಮಣ್ಣ ಭಜನಿ ಪದ ಭಾಳ ಚಲೋ ಹಾಡ್ತಿದ್ದ," ಎಂದು ಸೇರಿಸಿದಳು, ಅದು ಕುಂದೇನಲ್ಲವಾದರೂ.

"ಅಜ್ಜೀರ, ನಿಮ್ಮನ್ನೂ ಒಮ್ಮೆ ನೋಡಬೇಕಾಗ್ತೈತಿ," ಎಂದರು ಡಾಕ್ಟರು.

"ನನ್ನನ್ಯಾಕ್ರಿ? ನಾ ಮೆಣಸಿನಕಾಯಿ ಮುಟ್ಟೂದಿಲ್ಲ."

ಇಷ್ಟು ಕೇಳಿದ ಮೇಲೆ ಗುತ್ತೆವ್ವನಿಗೆ ಜೀನ್ ಪರೀಕ್ಷೆ ಬರೆದರು. ಅವತ್ತೇ ರಕ್ತ ತೆಗೆದುಕೊಂಡರು.