ಮಾನ್ಯಾಳ ಹೆಸರಲ್ಲಿ ಮಾರಿದ ಹಾರ್ಟುಗಳು

ಮಗಳ ಆಪರೇಷನ್‌ಗೆ ದುಡ್ಡು ಸಾಲದೆ ಬಂದಾಗ ನಾವೆಲ್ಲ ಏನು ಮಾಡುತ್ತೇವೋ ಜಯಲಕ್ಷ್ಮಿಯೂ ಅದನ್ನೇ ಮಾಡಿದಳು. ಬಳೆ ಅಡವಿಟ್ಟಳು, ಅಣ್ಣನ ಹತ್ತಿರ ಕೇಳಿದಳು, ಕೊನೆಗೆ ಆಸ್ಪತ್ರೆಯಲ್ಲಿ ರಿಯಾಯಿತಿಗೆ ಅರ್ಜಿ ಹಾಕಿದಳು. ಹನ್ನೊಂದು ವರ್ಷದ ಮಾನ್ಯಾಳ ಬೆನ್ನುಮೂಳೆ ಒಂದು ಕಡೆಗೆ ಬಾಗುತ್ತಾ ಹೋಗಿತ್ತು. ಆಪರೇಷನ್‌ಗೆ ಆರೂವರೆ ಲಕ್ಷ. ರಿಯಾಯಿತಿ ಸಿಕ್ಕರೆ ಎರಡು ಲಕ್ಷದಲ್ಲಿ ಮುಗಿಯುತ್ತಿತ್ತು. ಗಂಡ ಪ್ರಮೋದ ಚೆನ್ನೈನ ಟ್ರಿಪ್ಲಿಕೇನಿನ ಒಂದು ಲಾಡ್ಜಿನಲ್ಲಿ ಮ್ಯಾನೇಜರ್. ಎರಡು ಲಕ್ಷವಾದರೆ ಹೇಗೋ ಹೊಂದಿಸೋಣ ಎಂದುಕೊಂಡಿದ್ದರು.

ಅರ್ಜಿ ವಾಪಸ್ ಬಂತು.

"ಯಾಕೆ ಸಾರ್?" ಎಂದು ಜಯಲಕ್ಷ್ಮಿ ಆಸ್ಪತ್ರೆಯ ಗುಮಾಸ್ತನನ್ನು ತಮಿಳಿನಲ್ಲಿ ಕೇಳಿದಳು.

ಅವನು ತನ್ನ ಫೋನ್ ತಿರುಗಿಸಿ ತೋರಿಸಿದ. ಬಣ್ಣದ ಗುಳ್ಳೆ ಒಡೆಯುವ ಒಂದು ಆಟ. ಮೇಲ್ಗಡೆ ಮಾನ್ಯಾಳ ಫೋಟೋ, ಬೆನ್ನಿಗೆ ಬೆಲ್ಟು ಕಟ್ಟಿಕೊಂಡು ನಗುತ್ತಿರುವುದು. 'ಆಡಿ, ಮಾನ್ಯಾಳಿಗೆ ನೆರವಾಗಿ' ಎಂದು ಬರೆದಿತ್ತು. ಕೆಳಗೆ ಕೆಂಪು ಹಾರ್ಟಿನ ಪಕ್ಕದಲ್ಲಿ ಒಂದು ಅಂಕಿ: 38,40,000.

"ಇಷ್ಟು ಬಂದ ಮೇಲೂ, ಏನೂ ಇಲ್ಲದವರ ಪಾಲಿಗೆ ಕೈ ಹಾಕೋದು ಸರೀನಾ ಅಮ್ಮಾ?"

"ನಮಗೆ ಬಂದಿದ್ದು ನಲವತ್ತು ಸಾವಿರ ಸಾರ್. ಅಷ್ಟೇ."

"ಹಾಗಾದ್ರೆ ಮಿಕ್ಕಿದ್ದೆಲ್ಲ ಎಲ್ಲಿ?"

ಸಾಲಿನಲ್ಲಿ ಹಿಂದೆ ನಿಂತವರು ಜಯಲಕ್ಷ್ಮಿಯನ್ನು ಕಳ್ಳಿಯನ್ನು ನೋಡುವ ಹಾಗೆ ನೋಡುತ್ತಿದ್ದರು.

ಬಸ್ಸಿಳಿದು ಬೀದಿಗೆ ಬಂದಾಗ ಹೂ ಕಟ್ಟುವ ಬೇಬಿ ಕರೆದಳು. "ಏನು ಜಯಾ, ಪಾಪುಗೆ ಆಪರೇಷನ್ ಯಾವತ್ತು? ನಾನೂ ಆ ಆಟದಲ್ಲಿ ಹನ್ನೆರಡು ಹಾರ್ಟ್ ವಾಂಗಿದೆನಮ್ಮಾ, ಕೊಂಡೆ. ಒಂದಕ್ಕೆ ಐವತ್ತು ರೂಪಾಯಿ. ಮಗ ಫೋನಲ್ಲಿ ಹಾಕಿಕೊಟ್ಟ."

ಬೇಬಿಗೆ ಆರುನೂರು ರೂಪಾಯಿ ಎಂದರೆ ಎರಡು ದಿನದ ಸಂಪಾದನೆ. ಜಯಲಕ್ಷ್ಮಿ ನೇರವಾಗಿ ಮನೆಗೆ ಬಂದಳು.

ಮಾನ್ಯಾ ಗೋಡೆಗೆ ಒರಗಿ ಓದುತ್ತಿದ್ದಳು. "ಅಮ್ಮಾ, ಆಪರೇಷನ್ ಎಪ್ಪೋ? ಯಾವತ್ತು?" ಎಂದಳು.

"ಗೊತ್ತಿಲ್ಲ ಕಣೇ," ಎಂದು ಅಡುಗೆಮನೆಗೆ ಹೋದಳು.

ನಾಲ್ಕು ತಿಂಗಳ ಹಿಂದೆ ಆ ಆಟದ ಕಂಪನಿಯವರು ಇದೇ ಮನೆಗೆ ಕೇಕ್ ಹಿಡಿದುಕೊಂಡು ಬಂದಿದ್ದರು. ಫೋಟೋ ತೆಗೆದರು, ವಿಡಿಯೋ ಮಾಡಿದರು, ಇಂಗ್ಲಿಷ್ ಕಾಗದಕ್ಕೆ ಸಹಿ ಹಾಕಿಸಿಕೊಂಡರು. ತಿಂಗಳ ನಂತರ ನಲವತ್ತು ಸಾವಿರದ ಚೆಕ್ಕು ಬಂತು. ಜಯಲಕ್ಷ್ಮಿ ಆವತ್ತು ದೇವರ ಮುಂದೆ ದೀಪ ಹಚ್ಚಿದ್ದಳು. ಈಗ ಅದನ್ನು ನೆನೆದರೆ ಮೈ ಉರಿಯಿತು.

ಸಂಜೆ ಪ್ರಮೋದ ಬಂದಾಗ ಎಲ್ಲ ಹೇಳಿದಳು. "ಏನ್ರೀ, ಹೋಗಿ ಕೇಳೋಣ ಬನ್ನಿ."

"ಬೇಡ ಜಯಾ. ಅವರು ಕೊಟ್ಟ ದುಡ್ಡಲ್ಲೇ ತಾನೆ ಸ್ಕ್ಯಾನು, ಬೆಲ್ಟು ಎಲ್ಲ ಆಗಿದ್ದು? ಸಹಾಯ ಮಾಡಿದವರ ಹತ್ತಿರ ಹೋಗಿ ಲೆಕ್ಕ ಕೇಳಿದ್ರೆ ಏನಂದುಕೋತಾರೆ? ನಾಳೆ ಇನ್ನೊಂದು ಮಗುಗೆ ಕೊಡೋದನ್ನೂ ನಿಲ್ಲಿಸಿಬಿಟ್ರೆ?"

"ನನ್ನನ್ನ ಆಸ್ಪತ್ರೇಲಿ ಏನಂದುಕೊಂಡ್ರು ಗೊತ್ತಾ ನಿಮಗೆ?" ಅವಳ ದನಿ ಏರಿತು. ಪ್ರಮೋದ ಬಾಗಿಲು ಮುಂದೆ ಮಾಡಿದ.

ಅಷ್ಟರಲ್ಲಿ ಮಹಡಿ ಮೇಲಿನ ಮಾನಸ ಇಳಿದು ಬಂದಳು. ಮೈಸೂರಿನ ಹುಡುಗಿ, ಚೆನ್ನೈಗೆ ಬಂದು ಎರಡು ವರ್ಷ. ಒಬ್ಬ ಆಡಿಟರ್ ಹತ್ತಿರ ಕೆಲಸ. "ಏನಾಯ್ತು ಜಯಕ್ಕ? ಕೂಗಿದ್ದು ಮೇಲಕ್ಕೆ ಕೇಳಿಸ್ತು," ಎಂದಳು.

ವಿಷಯ ಕೇಳಿ ಅವಳು ತನ್ನ ಫೋನಿಗೆ ಆ ಆಟ ಇಳಿಸಿಕೊಂಡಳು. ಐವತ್ತು ರೂಪಾಯಿ ಕೊಟ್ಟು ಒಂದು ಹಾರ್ಟ್ ಕೊಂಡಳು. ಒಡನೆ ಬಿಲ್ಲು ಬಂತು.

"ಇಲ್ಲಿ ನೋಡಿ ಸಾರ್," ಎಂದು ಪ್ರಮೋದನಿಗೆ ತೋರಿಸಿದಳು. "'ಆಟದ ವಸ್ತು ಮಾರಾಟ' ಅಂತಿದೆ. ಜಿಎಸ್‌ಟಿ ಹಾಕಿದಾರೆ. ದೇಣಿಗೆ ಅನ್ನೋ ಪದ ಎಲ್ಲಾದ್ರೂ ಇದೆಯಾ? ನೋಂದಣಿ ಆದ ಟ್ರಸ್ಟ್ ಆಗಿದ್ರೆ ದೇಣಿಗೆ ರಸೀತಿ ಕೊಡ್ತಿತ್ತು. ಇವರು ಮಾನ್ಯಾ ಫೋಟೋ ಇಟ್ಟುಕೊಂಡು ವ್ಯಾಪಾರ ಮಾಡ್ತಿದಾರೆ, ಅಷ್ಟೇ."

"ಮೂವತ್ತೆಂಟು ಲಕ್ಷ?"

"ಅದು ರೂಪಾಯಿ ಅಲ್ಲ. ಹಾರ್ಟಿನ ಲೆಕ್ಕ. ಜಾಹೀರಾತು ನೋಡಿದವರಿಗೂ ಪುಕ್ಕಟೆ ಹಾರ್ಟ್ ಕೊಡ್ತಾರೆ, ಅದನ್ನೂ ಸೇರಿಸಿದಾರೆ. ರೂಪಾಯಿ ಅಂತ ಜನ ತಿಳ್ಕೊಳ್ಳಲಿ ಅಂತಾನೇ ಹೀಗೆ ಹಾಕಿರೋದು." ಅವಳು ಪರದೆಯನ್ನು ಕೆಳಗೆ ಸರಿಸುತ್ತಾ ಹೋದಳು. ತೀರಾ ಕೊನೆಯಲ್ಲಿ, ಸಾಸಿವೆ ಕಾಳಿನಷ್ಟು ಅಕ್ಷರದಲ್ಲಿ, 'ಬಂದ ಆದಾಯದಲ್ಲಿ ಒಂದು ಭಾಗವನ್ನು ಕೊಡಲಾಗುವುದು' ಎಂದಿತ್ತು. ಎಷ್ಟು ಭಾಗ ಎಂದು ಇರಲಿಲ್ಲ.

ಆವತ್ತೇ ಮೂವರೂ ಕೂತು ಕಂಪನಿಗೆ ಮೇಲ್ ಬರೆದರು. ಎಷ್ಟು ಬಂತು, ಎಷ್ಟು ಕಳೆದಿರಿ, ಯಾರ ಖಾತೆಗೆ ಹೋಯಿತು? ಐದು ದಿನಕ್ಕೆ ಉತ್ತರ ಬಂತು. 'ನಮ್ಮ ಕುಟುಂಬದ ಭಾಗವಾಗಿದ್ದಕ್ಕೆ ಧನ್ಯವಾದ. ವ್ಯವಹಾರದ ವಿವರ ಗೋಪ್ಯ.'

"ಇವನ ಕುಟುಂಬಕ್ಕೆ ಬೆಂಕಿ ಹಾಕ," ಎಂದಳು ಜಯಲಕ್ಷ್ಮಿ. ಅವಳು ಅಂಥ ಮಾತಾಡಿದ್ದನ್ನು ಮಾನ್ಯಾ ಅದುವರೆಗೆ ಕೇಳಿರಲಿಲ್ಲ.

ಮಾರನೆ ದಿನ ಗಿಂಡಿ ಬಡಾವಣೆಯಲ್ಲಿದ್ದ ಕಂಪನಿಯ ಆಫೀಸಿಗೆ ಹೋದರು. ಮಾನಸ ರಜೆ ಹಾಕಿ ಬಂದಳು. ಪ್ರಮೋದನೂ ಒಲ್ಲದ ಮನಸ್ಸಿನಿಂದಲೇ ಹೊರಟ. ಒಂದೂವರೆ ಗಂಟೆ ಕಾಯಿಸಿ ಕೌಶಿಕ್ ಎಂಬ ಅಧಿಕಾರಿ ಒಳಗೆ ಕರೆದ. ಕೇಕ್ ತಂದಿದ್ದವನೂ ಅವನೇ.

"ಮೇಡಂ, ಇದು ಬರೀ ದುಡ್ಡಿನ ಪ್ರಶ್ನೆ ಅಲ್ಲ. ನಿಮ್ಮ ಮಗಳ ಕಷ್ಟ ಲಕ್ಷಾಂತರ ಜನಕ್ಕೆ ತಲುಪಿತು. ಅದಕ್ಕೂ ಒಂದು ಬೆಲೆ ಇದೆ ತಾನೆ?"

"ಯಾರಿಗೆ ಬೆಲೆ?" ಜಯಲಕ್ಷ್ಮಿ ಎದ್ದು ನಿಂತಳು. "ನನ್ನ ಮಗಳ ಬೆನ್ನು ನಿಮ್ಮ ಅಂಗಡಿಗೆ ಬೋರ್ಡಾ? ನಿಮ್ಮ ಸುಳ್ಳು ಅಂಕಿ ನೋಡಿ ಆಸ್ಪತ್ರೆಯವರು ನಮ್ಮ ಅರ್ಜಿ ವಾಪಸ್ ಮಾಡಿದ್ರು. ಹೂ ಕಟ್ಟೋ ಹೆಂಗಸು ಆರುನೂರು ರೂಪಾಯಿ ಕೊಟ್ಟಿದಾಳೆ ನಿಮಗೆ. ಅದರಲ್ಲಿ ನನ್ನ ಮಗಳಿಗೆ ಎಷ್ಟು ಬಂತು? ಈಗ ಹೇಳಿ."

ಕೌಶಿಕ್ ನಕ್ಕ. "ನಾವು ಇಲ್ಲದಿದ್ರೆ ಆ ನಲವತ್ತು ಸಾವಿರಾನೂ ನಿಮಗೆ ಸಿಗ್ತಿರಲಿಲ್ಲ ಮೇಡಂ. ಸ್ವಲ್ಪ ಕೃತಜ್ಞತೆ ಇರಲಿ."

ಅಲ್ಲಿಯವರೆಗೆ ನೆಲ ನೋಡುತ್ತಿದ್ದ ಪ್ರಮೋದ ತಲೆ ಎತ್ತಿದ. "ನಾನು ಲಾಡ್ಜಲ್ಲಿ ಕೂರೋನು ಸಾರ್," ಎಂದ. "ಯಾರೋ ಇನ್ನೂರು ರೂಪಾಯಿ ಅಡ್ವಾನ್ಸ್ ಕೊಟ್ರೂ ರಸೀತಿ ಬರೀತೀನಿ. ಬರೀದಿದ್ರೆ ಯಜಮಾನರು ನನ್ನನ್ನ ಕಳ್ಳ ಅಂತಾರೆ. ನೀವು ನನ್ನ ಮಗಳ ಹೆಸರು ಹೇಳಿ ಊರೆಲ್ಲಾ ದುಡ್ಡು ಎತ್ತಿ ಲೆಕ್ಕ ಗೋಪ್ಯ ಅಂತೀರ. ನಿಮ್ಮನ್ನ ಏನಂತ ಕರೀಲಿ?"

ಕೌಶಿಕ್ ಸೆಕ್ಯುರಿಟಿಯನ್ನು ಕರೆಸಿದ. ಮೂವರನ್ನೂ ಹೊರಗೆ ಕಳಿಸಿದರು.

ಕಟ್ಟಡದ ಮೆಟ್ಟಿಲ ಮೇಲೇ ಕೂತು ಮಾನಸ ಜಯಲಕ್ಷ್ಮಿಯಿಂದ ಗ್ರಾಹಕ ಸಹಾಯವಾಣಿ 1915ಕ್ಕೆ ಕರೆ ಮಾಡಿಸಿದಳು. ಸೈಬರ್ ಅಪರಾಧದವರಿಗೂ ದೂರು ಕೊಟ್ಟರು. ಫೋಟೋ ಬಳಸಲು ಕೊಟ್ಟ ಒಪ್ಪಿಗೆ ವಾಪಸ್ ಪಡೆದಿದ್ದೇವೆ ಎಂದು ಪ್ರಮೋದ ಕಂಪನಿಗೆ ರಿಜಿಸ್ಟರ್ಡ್ ಪೋಸ್ಟ್ ಹಾಕಿದ. ಬೇಬಿ ತನ್ನ ಹನ್ನೆರಡು ಬಿಲ್ಲುಗಳನ್ನು ಕೊಟ್ಟಳು. ಅವಳನ್ನು ನೋಡಿ ಬೀದಿಯ ಇನ್ನೂ ಒಂಬತ್ತು ಜನ ಕೊಟ್ಟರು.

ದೂರು ಕೊಟ್ಟ ಇಪ್ಪತ್ತಾರನೇ ದಿನ ಆಟದಿಂದ ಮಾನ್ಯಾಳ ಮುಖ ಮಾಯವಾಯಿತು. ಕಂಪನಿಯಿಂದ ಒಂದು ಪುಟದ ಲೆಕ್ಕ ಬಂತು. ಹಾರ್ಟ್ ಮಾರಿ ಬಂದದ್ದು ಹನ್ನೊಂದು ಲಕ್ಷ ಅರವತ್ತು ಸಾವಿರ ರೂಪಾಯಿ. ತೆರಿಗೆ ಕಳೆದು, ಜಾಹೀರಾತಿಗೆ ಐದು ಲಕ್ಷ ಹತ್ತು ಸಾವಿರ, ಗೆದ್ದವರ ಬಹುಮಾನಕ್ಕೆ ಎರಡು ಲಕ್ಷ, 'ನಿರ್ವಹಣೆ'ಗೆ ಎರಡು ಲಕ್ಷದ ಮೇಲೆ. ಕೊನೆಯ ಸಾಲಿನಲ್ಲಿ, ಫಲಾನುಭವಿಗೆ ನಲವತ್ತು ಸಾವಿರ.

ಬೇಬಿ ಕೊಟ್ಟ ಆರುನೂರರಲ್ಲಿ ಮಾನ್ಯಾಳಿಗೆ ತಲುಪಿದ್ದು ಸುಮಾರು ಇಪ್ಪತ್ತು ರೂಪಾಯಿ. ಮಾನಸ ಲೆಕ್ಕ ಹಾಕಿ ಹೇಳಿದಾಗ ಬೇಬಿ ಹೂವಿನ ದಾರವನ್ನು ಕೆಳಗೆ ಎಸೆದಳು.

ಆ ಪುಟವನ್ನು ಜಯಲಕ್ಷ್ಮಿ ಆಸ್ಪತ್ರೆಯ ಕಿಟಕಿಗೆ ಒಯ್ದಳು. ಗುಮಾಸ್ತ ಎರಡು ಸಲ ಓದಿ, "ಮನ್ನಿಸಮ್ಮಾ," ಎಂದ. ಹತ್ತು ದಿನದಲ್ಲಿ ರಿಯಾಯಿತಿ ಸಿಕ್ಕಿತು.

ಆದರೆ ಆಪರೇಷನ್‌ಗೆ ಮುಂಚೆ ಡಾಕ್ಟರು ಹೊಸ ಎಕ್ಸ್‌ರೇ ತೋರಿಸಿದರು. ಈ ಎರಡು ತಿಂಗಳಲ್ಲಿ ಬೆನ್ನು ಇನ್ನೂ ಆರು ಡಿಗ್ರಿ ಬಾಗಿತ್ತು. ಆಪರೇಷನ್ ಮೊದಲಿಗಿಂತ ದೊಡ್ಡದಾಯಿತು, ನೋವೂ ಹೆಚ್ಚಾಯಿತು. ಮಾನ್ಯಾ ಈಗ ನಡೆಯುತ್ತಾಳೆ. ಕಂಪನಿಯ ಮೇಲಿನ ದೂರು ಇನ್ನೂ ನಡೆಯುತ್ತಿದೆ. ಪ್ರತಿ ವಿಚಾರಣೆಗೂ ಹೋಗುವವನು ಪ್ರಮೋದ, ಲಾಡ್ಜಿಗೆ ರಜೆ ಹಾಕಿ. ಜಯಲಕ್ಷ್ಮಿಯ ಸಿಟ್ಟು ಇನ್ನೂ ಇಳಿದಿಲ್ಲ. ಇಳಿಯಬಾರದು ಎಂದೇ ಅವಳು ಹೇಳುತ್ತಾಳೆ.

ಓದುಗರೇ, ಕೊಡಬೇಡಿ ಎಂದು ನಾವು ಹೇಳುತ್ತಿಲ್ಲ. ಖಂಡಿತ ಕೊಡಿ. ಆದರೆ ಆಟದ ಒಳಗೆ ಒಂದು ಮಗುವಿನ ಮುಖ ಕಂಡಾಗ, ಗುಂಡಿ ಒತ್ತುವ ಮೊದಲು ಒಂದು ನಿಮಿಷ ನಿಲ್ಲಿ. ಅಲ್ಲಿರುವ ಅಂಕಿ ರೂಪಾಯಿಯೋ ಪಾಯಿಂಟೋ ನೋಡಿ. ನೂರು ರೂಪಾಯಿ ಕೊಟ್ಟರೆ ಎಷ್ಟು ತಲುಪುತ್ತದೆ ಎಂದು ಬರೆದಿದ್ದಾರಾ, ದುಡ್ಡು ಪಡೆಯುವ ಟ್ರಸ್ಟಿನ ಹೆಸರು, ನೋಂದಣಿ ಸಂಖ್ಯೆ ಇದೆಯಾ ಹುಡುಕಿ. ಇಲ್ಲದಿದ್ದರೆ ಆಸ್ಪತ್ರೆಗೇ ಫೋನ್ ಮಾಡಿ ವಿಚಾರಿಸಿ, ರೋಗಿಯ ಹೆಸರಿಗೆ ನೇರವಾಗಿ ಕಟ್ಟಿ, ರಸೀತಿ ಪಡೆಯಿರಿ. ಮೋಸ ಹೋಗಿದ್ದರೆ ಸೈಬರ್ ಅಪರಾಧ ಸಹಾಯವಾಣಿ 1930ಕ್ಕೆ ಕರೆ ಮಾಡಿ. ನಿಮ್ಮ ಮಗುವಿನ ಫೋಟೋ ಕೇಳಿಕೊಂಡು ಯಾರಾದರೂ ಮನೆಗೆ ಬಂದರೆ, ಓದಲು ಬಾರದ ಕಾಗದಕ್ಕೆ ಸಹಿ ಹಾಕಬೇಡಿ.

ಈಗಾಗಲೇ ಹೀಗೆ ಕೊಟ್ಟಿದ್ದೀರಾ? ಹಾಗಿದ್ದರೆ ಇವತ್ತೇ ಆ ಬಿಲ್ಲು ಹುಡುಕಿ, ಲೆಕ್ಕ ಕೇಳಿ ಎರಡು ಸಾಲು ಬರೆಯಿರಿ. ನೀವು ಕೊಟ್ಟದ್ದು ಐವತ್ತೇ ರೂಪಾಯಿ ಇರಬಹುದು. ಯಾವ ಮಗುವಿಗೆಂದು ಕೊಟ್ಟಿರೋ ಆ ಮಗು ಇನ್ನೂ ಕಾಯುತ್ತಿರಬಹುದು.