ಎಲ್ಲಕ್ಕಿಂತ ಮೇಲಿರೋದನ್ನ ಒತ್ತಿ

ಅತ್ತಿಗೆಯ ಹೊಟ್ಟೆಯ ಮೇಲೆ ಹೊಡೆಯುವ ಲೆಕ್ಕದ ಪಟ್ಟಿಯನ್ನು ನಾದಿನಿಯೇ ಕೈಯಾರೆ ತಯಾರಿಸಿದ್ದಳು.

ಪಾದ ನೋಯುವವರಿಗೆಂದೇ ಚಪ್ಪಲಿ, ಬೂಟು ಮಾಡಿ ಇಂಟರ್‌ನೆಟ್ಟಿನಲ್ಲಿ ಮಾರುವ ಚಿಕ್ಕ ಕಂಪನಿ ಅದು. ಕೆಳಗೆ ಗೋದಾಮು, ಮೇಲೆ ಆಫೀಸು. ಮೆಟ್ಟಿಲು ಹತ್ತಿದರೆ ಅಂಟಿನ ವಾಸನೆಯೂ ಜೊತೆಗೇ ಹತ್ತಿ ಬರುತ್ತಿತ್ತು. ಗ್ರಾಹಕರು ಯಾವ ದಾರಿಯಿಂದ ಬರುತ್ತಾರೆ ಎಂದು ನೋಡುವುದು ನಾದಿನಿಯ ಕೆಲಸ. ಆಫೀಸಿಗೆಲ್ಲ ಅವಳು ಮೇಡಂ, ಅತ್ತಿಗೆಗೆ ಮಾತ್ರ ಇನ್ನೂ ಪುಟ್ಟಿ.

ಅಲ್ಲಿಯವರೆಗೆ ಜಾಹೀರಾತಿನ ಲೆಕ್ಕ ಒಂದು ಕಡೆ, ಹಣ ಬಂದ ಲೆಕ್ಕ ಇನ್ನೊಂದು ಕಡೆ, ಜಗಳವಾಡಿದ ಅತ್ತೆ ಸೊಸೆಯರ ಹಾಗೆ ಒಂದೇ ಮನೆಯಲ್ಲಿದ್ದೂ ಮಾತಿಲ್ಲದೆ ಕೂತಿದ್ದವು. ಪುಟ್ಟಿ ಎರಡು ತಿಂಗಳು ಕಣ್ಣು ಕೆಂಪು ಮಾಡಿಕೊಂಡು ಅವನ್ನು ಜೋಡಿಸಿದಳು. ಈಗ ಪ್ರತಿಯೊಂದು ಪಾವತಿಯ ಎದುರಿಗೂ ಅದು ಬಂದ ದಾರಿ ಕಾಣುತ್ತಿತ್ತು. ಕಳೆದ ತಿಂಗಳ ನಾನೂರ ಹನ್ನೆರಡು ಪಾವತಿಗಳಲ್ಲಿ ಮುನ್ನೂರ ಎಂಬತ್ತು ಜಾಹೀರಾತು ಒತ್ತಿ ಬಂದವರದು. ಮಿಕ್ಕದ್ದು ಚಿಲ್ಲರೆ ಪಲ್ಲರೆ. ಫೋನ್ ಮೇಜಿನ ಎದುರಿಗೆ ಸೊನ್ನೆ.

ಫೋನ್ ಮೇಜೆಂದರೆ ಅತ್ತಿಗೆ. ಅಣ್ಣ ತೀರಿಕೊಂಡ ವರ್ಷ ಪುಟ್ಟಿಯೇ ಕರೆತಂದು ಅಲ್ಲಿ ಕೂರಿಸಿದ್ದಳು. ಆ ಸಂಬಳದಲ್ಲೇ ಅತ್ತಿಗೆಯ ಮನೆ ಬಾಡಿಗೆ, ಇಬ್ಬರು ಮಕ್ಕಳ ಶಾಲೆ ನಡೆಯಬೇಕು.

"ನೋಡಮ್ಮ, ನಿನ್ನ ಪಟ್ಟಿನೇ ಹೇಳ್ತಿದೆ," ಎಂದರು ಯಜಮಾನರು ಗುರುವಾರ. "ಸೋಮವಾರದಿಂದ ಫೋನ್ ಮೇಜು ಮುಚ್ಚಿಬಿಡೋಣ. ಆ ಸಂಬಳಾನೂ ಜಾಹೀರಾತಿಗೆ ಹಾಕೋಣ."

"ಸೋಮವಾರದವರೆಗೆ ಟೈಮ್ ಕೊಡಿ ಸರ್. ಇನ್ನೊಂದ್ಸಲ ನೋಡ್ತೀನಿ."

"ನೋಡು. ಅತ್ತಿಗೆ ಅಂತ ಅಂಕಿ ತಿದ್ದಬೇಡ ಮತ್ತೆ."

ಆ ಮಾತು ಚಪ್ಪಲಿಯೊಳಗಿನ ಮೊಳೆಯ ಹಾಗೆ ಹೆಜ್ಜೆ ಹೆಜ್ಜೆಗೂ ಚುಚ್ಚಿತು.

ಪ್ರತ್ಯಕ್ಷ ಕಂಡರೂ ಪ್ರಮಾಣಿಸಿ ನೋಡು ಎನ್ನುತ್ತಾರಲ್ಲ. ಶುಕ್ರವಾರ ಬೆಳಿಗ್ಗೆ ಅವಳು ಆಫೀಸಿನ ಫೋನಿಗೆ ಬಂದ ಕರೆಗಳ ಪಟ್ಟಿ ತೆಗೆಸಿ, ಹಣ ಕಟ್ಟಿದವರ ನಂಬರುಗಳ ಪಕ್ಕಕ್ಕಿಟ್ಟಳು. ನೂರ ಎಪ್ಪತ್ತೊಂದು ನಂಬರು ಎರಡರಲ್ಲೂ ಇದ್ದವು! ಎಲ್ಲರೂ ಫೋನ್ ಮಾಡಿ ಎಂಟು ಹತ್ತು ನಿಮಿಷ ಮಾತಾಡಿದ್ದರು, ಆಮೇಲೆ ಅದೇ ದಿನ ಹಣ ಕಟ್ಟಿದ್ದರು. ಆದರೂ ಜಾಹೀರಾತು ಒತ್ತಿಯೇ ಬಂದಿದ್ದರು. ಅದಕ್ಕೂ ಮೊದಲು ಅವರು ಹುಡುಕಿದ್ದೇನು? ಕಂಪನಿಯ ಹೆಸರನ್ನೇ. ಹೆಸರು ಗೊತ್ತಿದ್ದವರಿಗೆ ಜಾಹೀರಾತು ಯಾಕೆ ಬೇಕಾಯಿತು?

ಅವಳು ಕುರ್ಚಿ ಎಳೆದುಕೊಂಡು ಹೋಗಿ ಅತ್ತಿಗೆಯ ಪಕ್ಕದಲ್ಲಿ ಕೂತಳು. ಅತ್ತಿಗೆ ಫೋನಿನಲ್ಲೇ ಯಾರದೋ ಪಾದ ಅಳೆಸುತ್ತಿದ್ದರು.

"ಪೇಪರ್ ನೆಲಕ್ಕೆ ಹಾಕಿದ್ರಾ ಅಮ್ಮಾ? ಅದರ ಮೇಲೆ ನಿಂತ್ಕೊಳಿ. ಕೂತ್ಕೊಂಡು ಅಳೀಬಾರದು, ನಿಂತಾಗಲೇ ಪಾದ ಹರಡೋದು. ಹ್ಞಾಂ, ಸುತ್ತ ಗೆರೆ ಎಳೀರಿ... ಸರಿ, ಈಗ ಮೊಬೈಲಲ್ಲಿ ನಮ್ಮ ಕಂಪನಿ ಹೆಸರು ಹಾಕಿ ಹುಡುಕಿ. ನಾಲ್ಕೈದು ಬರುತ್ತೆ, ತಲೆ ಕೆಡಿಸ್ಕೋಬೇಡಿ. ಎಲ್ಲಕ್ಕಿಂತ ಮೇಲಿರೋದನ್ನ ಒತ್ತಿ."

ಎಲ್ಲಕ್ಕಿಂತ ಮೇಲಿದ್ದದ್ದು ಕಂಪನಿಯೇ ದುಡ್ಡು ಕೊಟ್ಟು ಹಾಕಿಸಿದ ಜಾಹೀರಾತು!

"ಅತ್ತಿಗೆ, ಎಲ್ಲರಿಗೂ ಹೀಗೇ ಹೇಳ್ತೀರಾ?"

"ಮತ್ತೆ? ನಿಮ್ಮ ವೆಬ್‌ಸೈಟಿನ ಆ ಉದ್ದದ ವಿಳಾಸ ಒಂದೊಂದೇ ಅಕ್ಷರ ಹೇಳಿ ಬರೆಸೋಷ್ಟರಲ್ಲಿ ಅವರ ಕಾಲುನೋವೇ ವಾಸಿಯಾಗಿಬಿಡುತ್ತೆ. ಯಾಕೆ, ತಪ್ಪಾಯ್ತಾ?"

"ಗೆದ್ದಲು ಕಟ್ಟಿದ ಹುತ್ತದಲ್ಲಿ ಹಾವು ಮಲಗಿದ ಹಾಗಾಯ್ತು. ವ್ಯಾಪಾರ ಕುದುರಿಸೋದು ನೀವು, ಹೆಸರು ಜಾಹೀರಾತಿಗೆ. ಒಂದೊಂದು ಸಲ ಒತ್ತಿದಾಗಲೂ ಕಂಪನಿ ದುಡ್ಡು ಬೇರೆ ಖರ್ಚು."

ಇನ್ನು ಮುಚ್ಚಿಟ್ಟು ಪ್ರಯೋಜನವಿರಲಿಲ್ಲ. ಸೋಮವಾರದ ಸಂಗತಿಯನ್ನೂ ಹೇಳಿದಳು. ಅತ್ತಿಗೆ ಫೋನಿನ ವೈರನ್ನು ಬೆರಳಿಗೆ ಸುತ್ತಿಕೊಂಡರು.

"ನನ್ನ ಅನ್ನಾನ ನಾನೇ ಎತ್ತಿ ಪಕ್ಕದ ಎಲೆಗೆ ಬಡಿಸಿದ್ನಾ! ಪುಟ್ಟಿ, ನನಗೋಸ್ಕರ ಒಂದಂಕಿನೂ ಜಾಸ್ತಿ ಬರೀಬೇಡ. ನಾಳೆ ನಿನ್ನ ಕೆಲಸಕ್ಕೂ ಸಂಚಕಾರ."

ಬರೆಯಲಿಲ್ಲ. ಇನ್ನೂ ಅಳೆದು ಸುರಿದು ನೋಡಿದಾಗ, ನೂರ ಎಪ್ಪತ್ತೊಂದರಲ್ಲಿ ನಲವತ್ತು ಜನ ಮೊದಲು ಜಾಹೀರಾತು ನೋಡಿ ಆಮೇಲೆ ಫೋನ್ ಮಾಡಿದವರು ಎಂದು ಗೊತ್ತಾಯಿತು. ಯಾರೂ ಕೇಳುವವರಿರಲಿಲ್ಲ, ಬಿಟ್ಟಿದ್ದರೂ ನಡೆಯುತ್ತಿತ್ತು. ಬೆರಳು ಒಂದು ಕ್ಷಣ ತಡೆದು ನಿಂತಿತು ಕೂಡ. ಆದರೂ ಆ ನಲವತ್ತನ್ನು ತೆಗೆದು 'ಇಬ್ಬರದೂ' ಎಂದು ಬೇರೆ ಸಾಲಿಗೆ ಹಾಕಿದಳು. ಫೋನಿಗೆ ಉಳಿದದ್ದು ನೂರ ಮೂವತ್ತೊಂದು.

ಸೋಮವಾರ ಯಜಮಾನರು ಕನ್ನಡಕದ ಮೇಲಿಂದ ನೋಡಿದರು. "ಸೊನ್ನೆ ಇದ್ದದ್ದು ನಾಲ್ಕು ದಿನದಲ್ಲಿ ನೂರ ಮೂವತ್ತೊಂದಾಯ್ತಾ? ಅತ್ತಿಗೆ ಮೇಲಿನ ಪ್ರೀತಿ ಬಡ್ಡಿ ಸಮೇತ ಬಂದಿದೆಯಲ್ಲಮ್ಮ!"

"ನನ್ನ ನಂಬಬೇಡಿ ಸರ್. ನೂರ ಎಪ್ಪತ್ತೊಂದು ನಂಬರೂ ಇಲ್ಲಿದೆ. ನೀವೇ ಆರಿಸಿ, ನೀವೇ ಕೇಳಿ."

ಯಜಮಾನರು ಕಣ್ಣು ಮುಚ್ಚಿ ಬೆರಳಿಟ್ಟು ಒಂದು ನಂಬರು ಒತ್ತಿ ಸ್ಪೀಕರ್ ಹಾಕಿದರು. ಆ ಕಡೆ ಒಬ್ಬರು ಮುದುಕರು.

"ಜಾಹೀರಾತಾ? ಯಾವ ಜಾಹೀರಾತು? ಆ ಅಮ್ಮ ನನ್ನ ಕಾಲಿನ ಪುರಾಣ ಪೂರ್ತಿ ಕೇಳಿದ್ರು, ನನ್ನ ಮಗನೂ ಅಷ್ಟು ಕೇಳಲ್ಲ. ಮೇಲಿರೋದನ್ನ ಒತ್ತಿ ಅಂದ್ರು, ಒತ್ತಿದೆ. ಯಾಕ್ರೀ, ಕೆಳಗಿರೋದನ್ನ ಒತ್ತಬೇಕಿತ್ತಾ?"

ಎರಡನೆಯವರೂ ಹಾಗೇ ಹೇಳಿದರು. ಮೂರನೆಯ ಹೆಂಗಸು ಮಾತ್ರ, "ಮೊದಲು ನೋಡಿದ್ದು ನಿಮ್ಮ ಜಾಹೀರಾತೇ, ಆಮೇಲೆ ಫೋನ್ ಮಾಡಿದೆ" ಎಂದಳು. ಯಜಮಾನರು, ಸಿಕ್ಕಿಬಿದ್ದೆಯಲ್ಲ ಎಂಬಂತೆ ಹುಬ್ಬೇರಿಸಿದರು.

"ಅವರು 'ಇಬ್ಬರದೂ' ಸಾಲಿನಲ್ಲಿದ್ದಾರೆ ಸರ್, ಕೆಳಗೆ ನೋಡಿ."

ಅವರು ಬೆರಳು ಜಾರಿಸಿ ನೋಡಿದರು. ಇತ್ತು. ನಾಲ್ಕನೆಯ ಫೋನು ಮಾಡಲಿಲ್ಲ.

"ಸರಿ, ಮೂರು ತಿಂಗಳು ನೋಡೋಣ," ಎಂದರು ಫೋನ್ ಕೆಳಗಿಡುತ್ತಾ. "ಆದರೆ ಆ ಮೇಲಿರೋದನ್ನ ಒತ್ತಿಸೋದು ಇವತ್ತಿಗೇ ನಿಲ್ಲಬೇಕು. ನನ್ನ ದುಡ್ಡಲ್ಲಿ ನನ್ನ ಗಿರಾಕಿಗೇ ನನ್ನಂಗಡಿ ದಾರಿ ತೋರಿಸ್ತಿದ್ದೀರಿ!"

ಮಧ್ಯಾಹ್ನದೊಳಗೆ ಪುಟ್ಟಿ ಹೊಸ ಏರ್ಪಾಡು ಮಾಡಿದಳು. ಅಳತೆ ಮುಗಿದ ಕೂಡಲೇ ಅತ್ತಿಗೆ ಗ್ರಾಹಕರಿಗೆ ಒಂದು ಮೆಸೇಜು ಕಳಿಸಬೇಕು. ಅದರಲ್ಲಿರುವ ಲಿಂಕ್ ಒತ್ತಿ ಹಣ ಕಟ್ಟಿದರೆ ಪಟ್ಟಿಯಲ್ಲಿ ಫೋನ್ ಮೇಜಿನ ಎದುರಿಗೇ ಬೀಳುತ್ತದೆ.

ಮೊದಲ ಕರೆ ಬಂತು. "ಬೇಡಮ್ಮಾ, ಏನೂ ಹುಡುಕೋಕೆ ಹೋಗಬೇಡಿ," ಎಂದರು ಅತ್ತಿಗೆ. "ನಾನೇ ಮೆಸೇಜ್ ಕಳಿಸ್ತೀನಿ, ಅದನ್ನೇ ಒತ್ತಿ."

ಕಾಲು ಗಂಟೆಯಲ್ಲಿ ಫೋನ್ ಮೇಜಿನ ಎದುರಿನ ಆ ದಿನದ ಸೊನ್ನೆ ಅಳಿಸಿ ಒಂದು ಬಂತು. ಪುಟ್ಟಿ ಕಂಪ್ಯೂಟರಿನ ಪರದೆಯನ್ನು ಅತ್ತಿಗೆಯ ಕಡೆ ತಿರುಗಿಸಿದಳು. ಕಣ್ಣು ತುಂಬಿಕೊಂಡಾರು ಎಂದುಕೊಂಡಿದ್ದಳು. ಅತ್ತಿಗೆ ಸೆರಗಲ್ಲಿ ಕನ್ನಡಕ ಒರೆಸಿಕೊಂಡು ಬಗ್ಗಿ ನೋಡಿದರು.

"ಒಂದೇನಾ? ಗಂಡನ ಪಾದದ್ದೂ ಸೇರಿಸಿ ಎರಡು ಜೊತೆ ಅಂದಿದ್ರಲ್ಲ ಆ ಅಮ್ಮ! ಇನ್ನೊಂದನ್ನ ಎಲ್ಲಿ ಸೇರಿಸಿದ್ದೀಯ, ಸರಿಯಾಗಿ ನೋಡೇ."