ಬೆಟ್ಟ ಹತ್ತದವಳ ಫೋಟೋ

ಪ್ರವೇಶದ ಪುಸ್ತಿಕೆ ಅಚ್ಚಾಗಿ ಬಂದ ದಿನದಿಂದ ರಾಧಾಮಣಿ ಅದನ್ನು ಮೇಜಿನ ಮೇಲೆ ಕವುಚಿಯೇ ಇಡುತ್ತಿದ್ದಳು. ಚಿಕ್ಕಬಳ್ಳಾಪುರದ ಹೊರಗಿನ ಖಾಸಗಿ ವಿಶ್ವವಿದ್ಯಾಲಯವೊಂದರ ಪ್ರಚಾರ ವಿಭಾಗದಲ್ಲಿ ಅವಳಿಗೆ ಕೆಲಸ. ಶಿಡ್ಲಘಟ್ಟದಿಂದ ದಿನವೂ ಬಸ್ಸಿನಲ್ಲಿ ಓಡಾಟ. ಪುಸ್ತಿಕೆಯ ಮುಖಪುಟದಲ್ಲಿ ಹನ್ನೊಂದು ಹುಡುಗಿಯರು ಸ್ಕಂದಗಿರಿಯ ತುದಿಯಲ್ಲಿ ಒತ್ತೊತ್ತಾಗಿ ನಿಂತು ನಗುತ್ತಿದ್ದರು. ನಡುವೆ ಇದ್ದವಳು ಆಫ್ರಿಕಾದ ಮಲಾವಿ ದೇಶದ ವಿದ್ಯಾರ್ಥಿನಿ ಚಿಸೋಮೊ. ಅವಳು ಆ ಬೆಟ್ಟ ಹತ್ತಿಯೇ ಇರಲಿಲ್ಲ. ಬೇರೊಂದು ಫೋಟೋದಿಂದ ಅವಳನ್ನು ಕತ್ತರಿಸಿ ತಂದು ಅಲ್ಲಿ ನಿಲ್ಲಿಸಿದವಳು ರಾಧಾಮಣಿಯೇ.

ಮಾಡಿಸಿದ್ದು ವಿಭಾಗದ ಮುಖ್ಯಸ್ಥ ಸುನೀಲ್‌ಕುಮಾರ್. “ಎಲ್ಲಾ ದೇಶದ ಮಕ್ಕಳೂ ನಮ್ಮಲ್ಲಿ ಇದಾರೆ ಅಂತ ಕಾಣಬೇಕು ಕಣಮ್ಮ. ಒಂದು ಮುಖ ಸೇರಿಸಿದ್ರೆ ಯಾರ ಗಂಟು ಹೋಗುತ್ತೆ?” ಎಂದಿದ್ದರು.

ವಾರ ಕಳೆದ ಮೇಲೆ ಚಿಸೋಮೊ ಪುಸ್ತಿಕೆ ಹಿಡಿದು ಬಂದಳು. ರೇಗುತ್ತಾಳೆಂದು ರಾಧಾಮಣಿ ಹೆದರಿದ್ದಳು. ಅವಳು ರೇಗಲಿಲ್ಲ. ಕೂತು, ಮೆಲ್ಲಗೆ ಹೇಳಿಕೊಂಡಳು. ಬೆಟ್ಟಕ್ಕೆ ಬಸ್ಸು ಹೊರಡುವ ಹೊತ್ತನ್ನು ಹಾಸ್ಟೆಲ್ ಕೋಣೆಯ ಹುಡುಗಿಯರು ಅವಳಿಗೆ ತಿಳಿಸಿರಲಿಲ್ಲವಂತೆ. ಎದ್ದು ನೋಡಿದರೆ ಹಾಸಿಗೆಗಳೆಲ್ಲ ಖಾಲಿ. ಊಟಕ್ಕೆ ಕೂತರೂ ಪಕ್ಕದ ಕುರ್ಚಿ ಖಾಲಿಯೇ. ಇದೊಂದನ್ನೂ ಅವಳು ಮನೆಗೆ ತಿಳಿಸಿರಲಿಲ್ಲ. ಈಗ ಅವಳ ತಾಯಿ ಜಾಲತಾಣದಲ್ಲಿ ಈ ಫೋಟೋ ನೋಡಿ ಹಿಗ್ಗಿ, ಕಿರಿಯ ಮಗಳು ತಡಾಲಳನ್ನೂ ಇಲ್ಲಿಗೇ ಕಳಿಸಲು ಅರ್ಜಿ ಹಾಕಿಸಿದ್ದರು.

“ನಿಮ್ಮ ತಂಗಿ ಆಗಿದ್ದರೆ ಕರೆಸುತ್ತಿದ್ದಿರಾ?” ಎಂದು ಚಿಸೋಮೊ ಕೇಳಿದಳು.

ಅಂದು ಸಂಜೆ ಬಸ್ಸಿನಲ್ಲಿ ರಾಧಾಮಣಿಗೆ ತನ್ನ ನಿಲ್ದಾಣ ದಾಟಿದ್ದೂ ಗೊತ್ತಾಗಲಿಲ್ಲ. ಮಾರನೆಯ ದಿನ ಸುನೀಲ್‌ಕುಮಾರ್ ತಡಾಲಳ ಅರ್ಜಿ ತೋರಿಸಿ, ಫೋಟೋ ಫಲ ಕೊಟ್ಟಿತೆಂದು ಖುಷಿಪಟ್ಟರು. ಶುಕ್ರವಾರ ಪ್ರವೇಶ ಪತ್ರ ಹೊರಡುವುದಿತ್ತು. ನಿಜ ಹೇಳಿದರೆ ಕೆಲಸ ಹೋದೀತು, ಹೇಳದಿದ್ದರೆ ಇನ್ನೊಂದು ಹುಡುಗಿ ಬಂದು ಅದೇ ಖಾಲಿ ಕುರ್ಚಿಗಳ ನಡುವೆ ಕೂರುತ್ತಾಳೆ. ಎರಡು ದಿನ ಇದೇ ಚಿಂತೆ ಅವಳನ್ನು ಅರೆಯಿತು.

ಗುರುವಾರ ಅವಳು ಚಿಸೋಮೊಳನ್ನು ಕರೆದು, ನಿನ್ನ ತಾಯಿಗೆ ನಾನೇ ಬರೆಯಲೇ ಎಂದು ಕೇಳಿದಳು. ಚಿಸೋಮೊ ತಾಯಿಯ ಇಮೇಲ್ ವಿಳಾಸ ಬರೆದುಕೊಟ್ಟಳು. ರಾಧಾಮಣಿ ಹತ್ತೇ ಹುಡುಗಿಯರಿದ್ದ ಮೂಲ ಫೋಟೋ ಲಗತ್ತಿಸಿ ಮೇಲ್ ಕಳಿಸಿದಳು. ಚಿತ್ರ ಜೋಡಿಸಿದವಳು ನಾನು, ಇಲ್ಲಿನ ದಿನಗಳು ಹೇಗಿವೆಯೆಂದು ಮಗಳನ್ನೇ ಕೇಳಿ ಎಂದಷ್ಟೇ ಬರೆದಿದ್ದಳು.

ಮನೆಯವರು ತಡಾಲಳ ಅರ್ಜಿ ವಾಪಸ್ ಪಡೆದರು. ಜೊತೆಗೆ ಕುಲಸಚಿವರಿಗೆ ತಾಯಿಯ ಪತ್ರವೂ ಬಂತು. ಕುಲಸಚಿವರು ರಾಧಾಮಣಿಯನ್ನೂ ಸುನೀಲ್‌ಕುಮಾರರನ್ನೂ ಕರೆಸಿ ಅದನ್ನು ಓದಿದರು. ಅದರಲ್ಲಿ ಒಂದೇ ಪ್ರಶ್ನೆ ಇತ್ತು: ನನ್ನ ಮಗಳ ಪಕ್ಕದಲ್ಲಿ ಊಟಕ್ಕೆ ಕೂರುವವರು ಯಾರು?

ಸುನೀಲ್‌ಕುಮಾರ್ ಕಿಟಕಿಯತ್ತ ತಿರುಗಿದರು.

“ಯಾರೂ ಇಲ್ಲ ಸರ್. ಫೋಟೋ ಜೋಡಿಸ್ದೋಳು ನಾನೇ. ಅವರಮ್ಮಂಗೆ ಬರೆದಿದ್ದೂ ನಾನೇ,” ಎಂದಳು ರಾಧಾಮಣಿ.

ಪುಸ್ತಿಕೆಗಳು ಗೋದಾಮು ಸೇರಿದವು. ರಾಧಾಮಣಿಯನ್ನು ಪರೀಕ್ಷಾ ವಿಭಾಗಕ್ಕೆ ಎತ್ತಿಹಾಕಿದರು. ಮೊದಲ ದಿನ ಊಟದ ಗಂಟೆ ಹೊಡೆದಾಗ ಅವಳು ಬುತ್ತಿ ಹಿಡಿದು ಹಾಸ್ಟೆಲಿನ ಕಡೆ ನಡೆದಳು. ಚಿಸೋಮೊ ಜೊತೆಗೆ ಕೂರಲು ಒಪ್ಪುತ್ತಾಳೋ ಇಲ್ಲವೋ, ಅವಳಿಗೆ ಗೊತ್ತಿರಲಿಲ್ಲ.